ಗುರುವಾರದ ಎಲೆ

ಅವರೆಕಾಯಿ ಕಾಲ, ಗುರುವಾರ, ಬೆಳಿಗ್ಗೆ ಎಂಟು ಗಂಟೆ. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ಮುನಿಶಾಮಪ್ಪ ಮೊದಲ ಸಲ ಫೋನಿನಲ್ಲಿ ಆ ಎಲೆಯನ್ನು ಒತ್ತಿದ. ಮಗ ಮುರಳಿಮೋಹನ್ ಬರೆದ ಚಿತ್ರಕಥೆಯ ಕೆಳಗೆ ಹೃದಯ, ಹೂವು, ಚಪ್ಪಾಳೆ ಅಂತ ಏನೇನೋ ಗುರುತುಗಳಿದ್ದವು. ಹೃದಯ ಒತ್ತಲು ನಾಚಿಕೆಯಾಯಿತು. ಎಲೆಯಾದರೆ ಗೊತ್ತಿರುವ ವಸ್ತು. ಒತ್ತಿದ.

ಮುರಳಿ ಗೌರಿಬಿದನೂರಿನಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವನು. ಫ್ಲೆಕ್ಸು ಬಂದು ಕುಂಚ ಮೂಲೆ ಸೇರಿದ ಮೇಲೆ ಊರಿಗೆ ಬಂದು, ಸ್ಲೇಟಿನಂಥ ಒಂದು ಯಂತ್ರದ ಮೇಲೆ ‘ಮಂಜುಗುದುರೆ’ ಅನ್ನುವ ಕಥೆಯನ್ನು ಚಿತ್ರ ಚಿತ್ರವಾಗಿ ಬರೆದು ಪ್ರತಿ ಗುರುವಾರ ಇಂಟರ್ನೆಟ್ಟಿಗೆ ಬಿಡುತ್ತಿದ್ದ. ಮಾತಾಡುವ ಬೆಟ್ಟಗಳು, ರೆಕ್ಕೆ ಬಂದ ಹಾವುಗಳು, ಮಂಜಿನ ಕುದುರೆ ಏರಿ ಕೋಟೆ ಬಿಟ್ಟು ಹೋದ ರಾಜಕುಮಾರಿ. ಆ ರಾಜಕುಮಾರಿಯ ಎಡಹುಬ್ಬಿನ ಮೇಲೆ ಕುಡುಗೋಲು ತಾಗಿದ ಗೀಟು. ಅದು ಅವನ ತಂಗಿ ಹರಿತಾಳ ಹುಬ್ಬು. ಅವಳು ತನಗೆ ಬೇಕಾದವನ ಜೊತೆ ಹೊರಟುಹೋಗಿ ಆಗ ಐದು ವರ್ಷ. ಈ ಮನೆಯಲ್ಲಿ ಅವಳ ಹೆಸರು ಎತ್ತಕೂಡದು ಎಂದವನು ಮುನಿಶಾಮಪ್ಪನೇ. ಹಾಗಾಗಿ, ಶಿಡ್ಲಘಟ್ಟದ ಮೊಬೈಲ್ ಅಂಗಡಿಯಲ್ಲಿ ಆ ಕಥೆಯನ್ನು ತನ್ನ ಫೋನಿಗೆ ಹಾಕಿಸಿಕೊಂಡದ್ದನ್ನು ಯಾರಿಗೂ ಹೇಳಿರಲಿಲ್ಲ.

ಮಧ್ಯಾಹ್ನ ಉಣ್ಣಲು ಬಂದರೆ ಮನೆಯಲ್ಲಿ ಗದ್ದಲ.

“ಹೆಸರಿಲ್ಲ, ಊರಿಲ್ಲ, ಬರೀ ಒಂದು ಎಲೆ. ಎಲ್ಲರಿಗಿಂತ ಮೊದಲು ಬಂದೈತೆ ನೋಡಮ್ಮ” ಎನ್ನುತ್ತಿದ್ದ ಮುರಳಿ.

ಅಶ್ವತ್ಥಮ್ಮ ಅವರೆಬೇಳೆ ಹಿಸುಕುತ್ತಿದ್ದ ಕೈ ನಿಲ್ಲಿಸಿದಳು. “ಹೂವು ಬಿಟ್ಟು ಎಲೆ ಒತ್ತೋರು ಇನ್ಯಾರಿರ್ತಾರೋ ಮಗಾ? ಹುಳಕ್ಕೆ ಸೊಪ್ಪು ಬಿಡಿಸ್ತಾ ಬೆಳೆದೋಳು. ನಮ್ಮ ಹರಿತಾನೇ ಕಣೋ ಅದು!”

ಹೆಸರು ಎತ್ತಿಬಿಟ್ಟಿದ್ದಳು. ಗಂಡನ ಕಡೆ ತಿರುಗಿಯೂ ನೋಡಲಿಲ್ಲ. ಐದು ವರ್ಷದಿಂದ ಕೋಳಿ ಕೆದಕಿದಂತೆ ತಟ್ಟೆ ಕೆದಕಿ ಏಳುತ್ತಿದ್ದವಳು ಅವತ್ತು ಎರಡನೇ ಮುದ್ದೆ ಹಾಕಿಕೊಂಡಳು. ಅದು ನಾನು ಕಣೇ ಎನ್ನಲು ಮುನಿಶಾಮಪ್ಪನಿಗೆ ಬಾಯಿ ಬರಲಿಲ್ಲ. ಮುಂದಿನ ಗುರುವಾರ ಮತ್ತೆ ಒತ್ತಿದ.

ಹೀಗೇ ನಾಲ್ಕು ವರ್ಷ ನಡೆಯಿತು. ಬರೆದೂ ಬರೆದೂ ಮುರಳಿಯ ಮಣಿಕಟ್ಟು ಊದಿಕೊಂಡಿತು, ಬಟ್ಟೆ ಸುತ್ತಿಕೊಂಡು ಬರೆಯತೊಡಗಿದ. ಪುಸ್ತಕ ಮಾಡುವವರೊಬ್ಬರು ಹುಡುಕಿಕೊಂಡು ಬಂದು, ಕಥೆ ಮುಗಿಸಿಕೊಡಿ, ಅಚ್ಚು ಹಾಕ್ತೀವಿ, ಆಮೇಲೆ ಹೊಸದು ಶುರು ಮಾಡಿ ಎಂದರು.

“ಇದು ಮುಗಿಯಲ್ಲ ಸಾರ್” ಎಂದ ಮುರಳಿ. “ಮುಗಿದ್ರೆ, ನೋಡೋರು ಆಮೇಲೆ ಎಲ್ಲಿ ಹುಡುಕ್ತಾರೆ?” ಹಾಗೆನ್ನುವಾಗ ಅವನು ಬಂದವರ ಮುಖ ನೋಡಲಿಲ್ಲ, ಅಪ್ಪನ ಮುಖ ನೋಡಿದ. ತನ್ನ ಎಲೆಯೇ ಮಗನ ಕೈಗೆ ಗಂಟಾಯಿತಲ್ಲ ಎಂದು ಮುನಿಶಾಮಪ್ಪ ತಲೆ ತಗ್ಗಿಸಿದ.

ಈ ಸಲ ಮತ್ತೆ ಅವರೆಕಾಯಿ ಬಂತು. ಬುಧವಾರ ನೆಂಟರನ್ನು ನೋಡಲು ಹೋಗಿದ್ದ ಮುನಿಶಾಮಪ್ಪನ ಎದುರಿಗೆ ಕೈವಾರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಬಂದು ನಿಂತ. ಮೋಹನ್‌ಬಾಬು, ಹರಿತಾಳನ್ನು ಕಟ್ಟಿಕೊಂಡವನು. ತಲೆ ಅರ್ಧ ಬೆಳ್ಳಗಾಗಿತ್ತು.

“ಹೆಂಗವ್ಳೆ?” ಎಂದ ಮುನಿಶಾಮಪ್ಪ. ಒಂಬತ್ತು ವರ್ಷದಲ್ಲಿ ಅವಳ ವಿಷಯಕ್ಕೆ ಆಡಿದ ಮೊದಲ ಮಾತು.

“ಇಲ್ಲ ಮಾವಾ. ಐದು ವರ್ಷ ಆಯ್ತು. ಜ್ವರ ಬಂತು, ನಾಲ್ಕೇ ದಿನ. ಹೇಳಾಣ ಅಂತ ನಿಮ್ಮ ಬಾಗಿಲವರೆಗೂ ಬಂದಿದ್ದೆ. ನನ್ನ ಮುಖ ಕಾಣ್ತಲೇ ಚಿಲಕ ಹಾಕ್ಕೊಂಡ್ರಿ.”

ಹಾಕಿಕೊಂಡದ್ದು ಮುನಿಶಾಮಪ್ಪನಿಗೆ ನೆನಪಿತ್ತು. ಮೊದಲ ಎಲೆ ಒತ್ತುವ ಹೊತ್ತಿಗೇ ಅವಳಿರಲಿಲ್ಲ.

“ಯಾವ ದಿನ?” ಎಂದು ಕೇಳಿದ. ಮೋಹನ್‌ಬಾಬು ಹೇಳಿದ.

ಮಾರನೇ ದಿನ ಎಂಟು ಗಂಟೆಗೆ ಅವನು ತೋಟಕ್ಕೆ ಹೋಗಲಿಲ್ಲ. ಜೇಬಿನಲ್ಲಿ ಫೋನಿಟ್ಟುಕೊಂಡು ಜಗಲಿಯ ಮೇಲೆ ಕೂತ. ಎಲೆ ಬರದಿದ್ದರೆ ಮಗ ಕಥೆ ಮುಗಿಸಿಯಾನು, ಅವನ ಕೈಯಾದರೂ ಉಳಿದೀತು. ಒಂಬತ್ತಾಯಿತು. ಮುರಳಿ ಹೊರಗೆ ಬಂದು ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದ:

“ಯಾಕಪ್ಪ, ಇವತ್ತು ಎಲೆ ಒತ್ತಲಿಲ್ಲ?”

ಮುನಿಶಾಮಪ್ಪ ಗಾಬರಿಯಾಗಿ ನೋಡಿದ. “ಯಾವಾಗಿಂದ ಗೊತ್ತೋ ನಿಂಗೆ?”

“ಮೊದಲನೇ ತಿಂಗಳು ಕರೆನ್ಸಿ ಹಾಕ್ಸು ಅಂತ ಫೋನ್ ಕೊಟ್ಟಿದ್ಯಲ್ಲ, ಆಗಿಂದ. ನೀನು ಅವಳ ಮುಖ ನೋಡ್ತಿದ್ದಿದ್ದೇ ಅಲ್ಲಿ. ಅದನ್ನ ಹೆಂಗಪ್ಪ ಮುಗಿಸ್ಲಿ?”

“ಮುಗಿಸು” ಎಂದ ಮುನಿಶಾಮಪ್ಪ. “ಇನ್ನು ಮುಗಿಸ್ಬಿಡಪ್ಪ.”

ಮುರಳಿ ಅಪ್ಪನ ಮುಖ ನೋಡಿದ. “ಯಾವತ್ತು ಹೋದ್ಲಪ್ಪ?” ಎಂದ. ಅಪ್ಪ ದಿನ ಹೇಳಿದ.

ಒಳಗೆ ಹಿಸುಕಿದ ಬೇಳೆಸಾರು ಕುದಿಯುತ್ತಿತ್ತು. “ಏನೋ ಮುರಳಿ,” ಒಲೆಯ ಮುಂದಿನಿಂದಲೇ ಅಶ್ವತ್ಥಮ್ಮ ಕೂಗಿದಳು, “ನೋಡಿದ್ಲಾ?”

ಮುರಳಿ ಅಪ್ಪನ ಜೇಬಿಗೆ ಕೈಹಾಕಿ ಫೋನು ತೆಗೆದ. ಬಟ್ಟೆ ಸುತ್ತಿದ ಕೈಯಿಂದಲೇ ಎಲೆ ಒತ್ತಿದ.

“ನೋಡಿದ್ಲಮ್ಮ” ಎಂದ.

ಮಧ್ಯಾಹ್ನ ಅಶ್ವತ್ಥಮ್ಮ ಎರಡನೇ ಮುದ್ದೆ ಹಾಕಿಕೊಂಡಳು. ಹರಿತಾ ತೀರಿಕೊಂಡದ್ದು ಐದು ವರ್ಷದ ಹಿಂದೆ, ಗೌರಿಹಬ್ಬಕ್ಕೆ ಮುಂಚಿನ ಮಂಗಳವಾರ.