ಬಾಯಿ ಮುಚ್ಚಿ ಹತ್ತು ಚೀಟಿ

"ಹತ್ತು ಚೀಟಿ. ಬಾಯಿ ಮುಚ್ಚಿಕೊಂಡು ಹತ್ತೇ ಹತ್ತು ಚೀಟಿಗೆ ಔಷಧ ಕೊಟ್ಟು ತೋರಿಸಿ. ಆಗ ಈ ಕಿಟಕಿ ನಿಮ್ಮದು. ಇಲ್ಲ ಅಂದ್ರೆ ನಾಳೆಯಿಂದ ಗೋದಾಮು. ಅಲ್ಲಿ ರಟ್ಟಿನ ಪೆಟ್ಟಿಗೆಗಳ ಜೊತೆ ಎಷ್ಟು ಬೇಕಾದರೂ ಹರಟೆ ಹೊಡೀರಿ," ಎಂದ ಆಡಳಿತಾಧಿಕಾರಿ.

ಆತ ಆ ಆಸ್ಪತ್ರೆಗೆ ಬಂದು ಮೂರು ವಾರವೂ ಆಗಿರಲಿಲ್ಲ. ಆಕೆ ಔಷಧದ ಕಿಟಕಿಯ ಹಿಂದೆ ಕೂತು ಹನ್ನೊಂದು ವರ್ಷ. ಚೀಟಿ ಕೈಗೆ ಬಂದ ಕೂಡಲೇ ಆಕೆಯ ಬಾಯಿ ಶುರುವಾಗುತ್ತಿತ್ತು: "ಅಜ್ಜ, ಎಪ್ಪತ್ತು ವರ್ಷ, ಬಿಪಿ, ಬೆಳಿಗ್ಗೆ ಒಂದು, ತಿಂಡಿ ಆದಮೇಲೆ, ಕಪಾಟಿನ ಕೆಳಗಿನ ಅರೆ, ಎಡಗಡೆ, ಇದೇ, ಹೌದು ಇದೇ." ಸಾಲಿನಲ್ಲಿ ನಿಲ್ಲುವವರು ಆಕೆಗೆ ರೇಡಿಯೊ ಅಕ್ಕ ಎಂದು ಹೆಸರಿಟ್ಟಿದ್ದರು. ಓದಲು ಬಾರದವರು ಅದನ್ನೇ ಕೇಳಿ ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರು. ಇಷ್ಟು ವರ್ಷದಲ್ಲಿ ಒಂದು ಮಾತ್ರೆಯೂ ಅದಲುಬದಲಾಗಿರಲಿಲ್ಲ. ಅಂಥದ್ದನ್ನೆಲ್ಲ ಯಾರೂ ದೂರಿನ ಪುಸ್ತಕದಲ್ಲಿ ಬರೆಯುವುದಿಲ್ಲವಲ್ಲ. ದೂರು ಬರೆದವನು ಒಬ್ಬನೇ: 'ತನ್ನಷ್ಟಕ್ಕೆ ತಾನೇ ಮಾತಾಡುವ ಹುಚ್ಚಿಯ ಕೈಯಿಂದ ಔಷಧ ತೆಗೆದುಕೊಳ್ಳಬೇಕಾ?'

"ಸಾರ್, ಎಲ್ಲರಿಗೂ ತಲೆಯೊಳಗೆ ಒಂದು ದನಿ ಇರುತ್ತಂತೆ. ನನಗಿಲ್ಲ. ಚಿಕ್ಕಂದಿನಿಂದಲೂ ಇಲ್ಲ. ಮಾತು ಹೊರಗೆ ಬಂದ್ರೇನೇ ನಾನು ಏನು ಯೋಚನೆ ಮಾಡ್ತಿದ್ದೀನಿ ಅಂತ ನನಗೆ ಗೊತ್ತಾಗೋದು."

"ಯಾಕೆ, ಮೂಕರು ಯೋಚನೆ ಮಾಡಲ್ವೇನ್ರಿ?"

"ಅವರ ತಲೆ ಹೇಗೋ ಗೊತ್ತಿಲ್ಲ ಸಾರ್. ನನ್ನದು ಹೀಗೆ."

"ನೆಪ ಸಾಕು. ಶುರುಮಾಡಿ." ಆತ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತ, ಕಾಲ ಮೇಲೆ ಕಾಲು ಹಾಕಿ.

ಗೋದಾಮು ಅಂದರೆ ಜನವಿಲ್ಲ, ಕಿಟಕಿಯಿಲ್ಲ, ಕಷ್ಟಪಟ್ಟು ಓದಿದ ವಿದ್ಯೆಗೆ ಕೆಲಸವೂ ಇಲ್ಲ. ಆಕೆ ತುಟಿ ಬಿಗಿಹಿಡಿದಳು. ಚೀಟಿಯ ಅಕ್ಷರಗಳು ಕಣ್ಣಿಗೆ ಕಂಡವು, ಒಳಗೆ ಮಾತ್ರ ಏನೂ ಆಗಲಿಲ್ಲ. ಕೈ ಬರೀ ಅಭ್ಯಾಸಬಲದಿಂದ ಅರೆಗೆ ಹೋಗಿ ಬರುತ್ತಿತ್ತು. "ಇವತ್ತು ರೇಡಿಯೊ ಕೆಟ್ಟಿದೆಯಾ?" ಎಂದು ಸಾಲಿನಲ್ಲಿದ್ದ ಮುದುಕರೊಬ್ಬರು ಕೇಳಿದರು. ಒಮ್ಮೆ ತುಟಿ ಅಲುಗಿದ್ದಕ್ಕೆ ಆತ ಪೆನ್ನಿನಿಂದ ಮೇಜು ಕುಟ್ಟಿದ. ಹತ್ತೂ ಮುಗಿದವು. "ನೋಡಿದ್ರಾ? ಮನಸ್ಸು ಮಾಡಿದ್ರೆ ಆಗುತ್ತೆ. ಇನ್ನು ಮೇಲೆ ಹೀಗೇ ಇರಲಿ," ಎಂದು ದೊಡ್ಡ ಉಪಕಾರ ಮಾಡಿದವನ ಹಾಗೆ ಎದ್ದು ಹೋದ.

ಆತ ಬಾಗಿಲು ದಾಟಿದ್ದೇ ತಡ, ಆಕೆ ಹತ್ತೂ ಚೀಟಿಯ ನಕಲುಗಳನ್ನು ಹರವಿಕೊಂಡು ಬಾಯಿಬಿಟ್ಟು ಓದತೊಡಗಿದಳು. ಒಂಬತ್ತು ಸರಿಯಾಗಿದ್ದವು. ಹತ್ತನೆಯದು: "ಮಗು, ಎರಡು ವರ್ಷ, ಜ್ವರ, ಸಿರಪ್, ಒಂದೊಂದು ಚಮಚ, ದಿನಕ್ಕೆ ಮೂರು ಸಲ..." ನಾಲಿಗೆ ಅಲ್ಲೇ ನಿಂತಿತು. ತಿರುಗಿ ನೋಡಿದರೆ ಸಿರಪ್ಪಿನ ಪೆಟ್ಟಿಗೆ ತುಂಬಿದ ಹಾಗೇ ಇತ್ತು. ಪಕ್ಕದ ಡ್ರಾಪ್ಸ್ ಪೆಟ್ಟಿಗೆಯಲ್ಲಿ ಒಂದು ಬಾಟಲಿ ಕಡಿಮೆ. ಹನಿಯ ಲೆಕ್ಕದಲ್ಲಿ ಹಾಕುವ, ಸಿರಪ್ಪಿಗಿಂತ ನಾಲ್ಕು ಪಟ್ಟು ಜೋರಿನ ಔಷಧ ಅದು. ಅದರ ಮೇಲೆ ತನ್ನ ಕೈಯಾರೆ 'ಚಮಚ' ಎಂದು ಬರೆದು ಕೊಟ್ಟಿದ್ದಳು.

ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು. ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ತಾಯಿ ಬಸ್ಸಿನ ಮೆಟ್ಟಿಲ ಮೇಲೆ ಆಗಲೇ ಒಂದು ಕಾಲಿಟ್ಟಿದ್ದಳು. ಆಕೆ ತಾಯಿಯ ಕೈಯಿಂದ ಬಾಟಲಿ ಕಿತ್ತುಕೊಂಡು, ಏದುಸಿರು ಬಿಡುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ತಪ್ಪಿದ್ದು ತನ್ನ ಕೈ ಎಂಬುದನ್ನೂ ಮುಚ್ಚಿಡಲಿಲ್ಲ. ತಾಯಿ ಸಿರಪ್ಪಿಗಾಗಿ ಅವಳ ಹಿಂದೆಯೇ ವಾಪಸು ಬಂದಳು.

ಗಲಾಟೆಯ ಸುದ್ದಿ ತಿಳಿದು ಆಡಳಿತಾಧಿಕಾರಿ ಔಷಧದ ಕೋಣೆಗೇ ಬಂದ.

"ಇದಕ್ಕೇ ನಾನು ಹೇಳಿದ್ದು, ನಿಮಗೆ ತಲೆ ನೆಟ್ಟಗಿಲ್ಲ ಅಂತ. ಮಗುವಿಗೆ ಏನಾದರೂ ಆಗಿದ್ರೆ ಯಾರು ಜವಾಬ್ದಾರಿ? ಈಗಲೇ ತಪ್ಪೊಪ್ಪಿಗೆ ಬರೆದುಕೊಡಿ."

ಅರ್ಧ ಗಂಟೆಯ ಹಿಂದೆ ತಾನೇ ಕೂತಿದ್ದ ಕುರ್ಚಿಯ ಕಡೆ ಆತ ತಿರುಗಿಯೂ ನೋಡಲಿಲ್ಲ. ನಾಚಿಕೆ ಅನ್ನುವುದು ಇಂಥವರ ಬೀದಿಯಲ್ಲೂ ಸುಳಿಯುವುದಿಲ್ಲ. ಆಕೆಗೆ ಮೈಯೆಲ್ಲ ಉರಿದುಹೋಯಿತು. ಹಾಳೆ ಎಳೆದುಕೊಂಡು ಬರೆಯಲು ಕೂತಳು. ಬರೆಯುವುದೂ ಬಾಯಿಂದಲೇ ಆಗಬೇಕು. ಆದರೆ ಈ ಸಲ ಗೊಣಗಲಿಲ್ಲ; ದನಿ ಎತ್ತಿದಳು.

"ಆಡಳಿತಾಧಿಕಾರಿಗಳು ಪಕ್ಕದಲ್ಲೇ ಕೂತು, ಬಾಯಿ ತೆರೆದರೆ ಗೋದಾಮಿಗೆ ಅಟ್ಟುವುದಾಗಿ ಹೆದರಿಸಿದ್ದರಿಂದ, ಎರಡು ವರ್ಷದ ಮಗುವಿಗೆ..."

"ಮನಸ್ಸಲ್ಲೇ ಬರೀರಿ," ಎಂದ ಆತ ಹಲ್ಲು ಕಚ್ಚಿ.

"ಅದೇ ಬರಲ್ಲ ಅಂತ ಬೆಳಿಗ್ಗೆಯಿಂದ ಬಡಕೊಳ್ತಿದ್ದೀನಲ್ಲ ಸಾರ್," ಎಂದವಳೇ ಮತ್ತೆ ಮೊದಲಿನಿಂದ ಓದಿದಳು.

ಹೊರಗೆ ಸಾಲಿನಲ್ಲಿದ್ದವರು ಕಿಟಕಿಗೆ ಕಿವಿಗೊಟ್ಟರು. ಆತ ದಡದಡ ಹೋಗಿ ಕಿಟಕಿಯ ಬಾಗಿಲು ಮುಚ್ಚಿ ಚಿಲಕ ಹಾಕಿದ.

ಹೊರಗಿನಿಂದ ಯಾರೋ ತಟ್ಟಿದರು. ಮಗುವಿನ ತಾಯಿಯ ದನಿ.

"ತೆಗೀರಿ. ಅಕ್ಕ ಹೇಳ್ತಿರೋದು ಕೇಳಿಸ್ತಿಲ್ಲ."