ಹಳದಿ ಗೆರೆಯ ತುಂಡು

"ನನಗೆ ಬೇಕಾಗಿರೋದು ಹಳದಿ ಗೆರೆಯದು! ನಿಮಗೆ ಕಣ್ಣು ಕಾಣಲ್ವಾ?" ಮೆಲ್ಬರ್ನಿನ ಬಟ್ಟೆ ಅಂಗಡಿಯಲ್ಲಿ ಪ್ರಹ್ಲಾದ ಕೌಂಟರ್ ಗುದ್ದಿದ. ಅಂಗಡಿಯ ಮುದುಕ ಬಿಡಿಸಿಟ್ಟ ಹಸಿರು ಚೌಕಳಿ ಬಟ್ಟೆಯ ಗೆರೆಗಳು ಬೆಳ್ಳಗಿದ್ದವು. ಮಗಳು ಸಿಂಚನಾ ಶಾಲೆಯ ಬ್ಯಾಂಡಿಗೆ ಉಡುವ ಕಿಲ್ಟ್, ಆ ನೆರಿಗೆ ಲಂಗ, ಗಿಡ್ಡವಾಗಿತ್ತು. ಅದರ ಒಳಮಡಿಕೆಯ ಮೂಲೆಯಿಂದ ಹೆಂಡತಿ ಕತ್ತರಿಸಿಕೊಟ್ಟ ಬೆರಳಗಲದ ತುಂಡು ಹಿಡಿದು ಅವನು ಸಿಡ್ನಿಯಲ್ಲಿ ಐದು ಅಂಗಡಿ ಅಲೆದಿದ್ದ. ಆಫೀಸ್ ಕೆಲಸಕ್ಕೆ ಬಂದ ಈ ಊರಲ್ಲಿ ಇದು ಮೂರನೆಯದು. ಎಲ್ಲರೂ ಬಿಳಿ ಗೆರೆಯದನ್ನೇ ತೋರಿಸಿ ತಲೆ ಕೆಡಿಸಿದ್ದರು.

ಅಲ್ಲೇ ನಿಂತು ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮನೆಗೆ ಫೋನ್ ಮಾಡಿ ಹೆಂಡತಿಯ ಮೇಲೆ ಹರಿಹಾಯ್ದ. "ವಾಸಂತಿ, ಇವರೆಲ್ಲ ಕಳ್ಳರು ಕಣೇ! ಹಳದಿ ಗೆರೆಯದು ಕೇಳಿದ್ರೆ ಬಿಳೀದನ್ನ ತಲೆಗೆ ಕಟ್ತಾರೆ!"

"ಹಳದಿ ಎಲ್ಲಿಂದ ಬಂತ್ರೀ? ಕಿಲ್ಟ್ ನನ್ನ ಕೈಯಲ್ಲೇ ಇದೆ, ಎಲ್ಲಾ ಬಿಳೀ ಗೆರೇನೇ." ಅವಳಿಗೆ ತಟ್ಟನೆ ನೆನಪಾಯಿತು. "ಹೊಸ ಬಟ್ಟೆ ಅಂತ ಅವತ್ತು ಆ ಮೂಲೆಗೆ ಅರಿಶಿನ ಹಚ್ಚಿದ್ದು ನೀವೇ ಅಲ್ವಾ?"

ಪ್ರಹ್ಲಾದ ತುಂಡನ್ನು ಉಗುರಿನಿಂದ ಕೆರೆದು ನೋಡಿದ. ಫೋನ್ ಜೇಬಿಗಿಟ್ಟು, "ಇದನ್ನೇ ಕೊಡಿ, ಐದು ಮೀಟರ್," ಎಂದ. ದನಿ ಅವನಿಗೇ ಕೇಳಿಸಲಿಲ್ಲ.

ಮುದುಕ ಅಳತೆಪಟ್ಟಿಯನ್ನು ಅವನತ್ತ ತಳ್ಳಿದ. "ನನಗೆ ಕಣ್ಣು ಕಾಣಲ್ಲ. ನೀವೇ ಅಳೆದುಕೊಳ್ಳಿ."