ಕೊಲೊನೆಲ್ ಸಾಹೇಬರು

ಗದುಗಿನ ನೀಲಾಂಬಿಕೆ ಇಂಗ್ಲಿಷ್ ಕಲಿತದ್ದೆಲ್ಲ ಲೈಬ್ರರಿಯ ಹಳೇ ಕಾದಂಬರಿಗಳಿಂದ. ಆ ಶಬ್ದಗಳನ್ನು ಬಾಯಿಬಿಟ್ಟು ಆಡೋಣವೆಂದರೆ ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಯಾರೂ ಇರಲಿಲ್ಲ. ಹಾಗಾಗಿ, ಮೈಸೂರಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿರುವ ಹುಡುಗ ತನ್ನನ್ನು ನೋಡಲು ಬರುತ್ತಾನೆಂದು ತಿಳಿದಾಗ ಅವಳು ಹಿಗ್ಗಿಹೋದಳು.

ಅವಲಕ್ಕಿ ತಟ್ಟೆ ಕೈಗೆ ಕೊಡುವಾಗ ಹುಡುಗನೇ ಮಾತು ತೆಗೆದ. "ಈಗ ಏನು ಓದ್ತಿದ್ದೀರಿ?"

"ಯುದ್ಧದ ಕಾದಂಬರಿ ಒಂದು ಓದಾಕತ್ತೀನ್ರಿ. ಅದರಾಗ ಒಬ್ಬ ಮುದುಕ ಕೊಲೊನೆಲ್ ಬರ್ತಾನ, ಭಾಳ ಛಲೋ ಮನಷ್ಯಾ."

ಹುಡುಗನ ಅಕ್ಕ ಕಿಸಕ್ಕನೆ ನಕ್ಕಳು. "ಅಯ್ಯೋ, ಕೊಲೊನೆಲ್ ಅಲ್ಲಮ್ಮಾ! ಬರೆಯೋದು ಹಾಗೆ, ಅನ್ನೋದು ಕರ್ನಲ್ ಅಂತ."

ಬಂದವರೆಲ್ಲ ಗೊಳ್ಳೆಂದರು. ಹುಡುಗ ಮಾತ್ರ ನಗಲಿಲ್ಲ, ಮುಖ ಕೆಂಪಗೆ ಮಾಡಿಕೊಂಡು ಅವಲಕ್ಕಿ ಕೆದಕುತ್ತ ಕೂತ. ಇಂಥವಳನ್ನು ನೋಡಲು ಇಷ್ಟು ದೂರ ಬಂದೆನಲ್ಲ ಎಂದು ನಾಚುತ್ತಿದ್ದಾನೆ ಅಂದುಕೊಂಡ ನೀಲಾಂಬಿಕೆ ಸರ್ರನೆ ಹಿತ್ತಲಿಗೆ ಹೋದಳು.

"ಅವ್ವಾ, ಅವರನ್ನ ಕಳಿಸಿಬಿಡು. ನನಗೀ ಸಂಬಂಧ ಬ್ಯಾಡ."

ಅವ್ವ ಸಮಾಧಾನ ಹೇಳುವಷ್ಟರಲ್ಲಿ, ಕೈ ತೊಳೆಯುವ ನೆಪದಲ್ಲಿ ಹುಡುಗನೇ ಅಲ್ಲಿಗೆ ಬಂದ. ಅವ್ವ ಒಳಗೆ ಸರಿದಳು.

"ತಪ್ಪಾತ್ರಿ," ಎಂದಳು ನೀಲಾಂಬಿಕೆ ನೆಲ ನೋಡುತ್ತ. "ಪುಸ್ತಕದಾಗ ಇದ್ದಂಗ ಓದಿಬಿಟ್ಟೆ. ಕರ್ನಲ್ ಬ್ಯಾರೆ, ಕೊಲೊನೆಲ್ ಬ್ಯಾರೆ ಅಂತ ತಿಳ್ಕೊಂಡಿದ್ದೆ."

ಹುಡುಗ ಹಿಂದೆ ತಿರುಗಿ, ಅಕ್ಕ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದ.

"ನಾನು ಕ್ಲಾಸಲ್ಲಿ ಹಾಗೇ ಪಾಠ ಮಾಡ್ತಿದ್ದೀನಿ ಕಣ್ರೀ. ನಿಜವಾಗ್ಲೂ ಅವರಿಬ್ರೂ ಒಬ್ಬರೇನಾ?"